ಮನೆಯಲ್ಲಿ ಓದಿದ ಕೊಡಗಿನ ಮಗುವಿಗೂ ಪೊನ್ನಂಪೇಟೆಯ ಸೀಟು ಸಿಗಬೇಕು

ರಾಜ್ಯದ ಉನ್ನತ ಶಿಕ್ಷಣ ಇಲಾಖೆಗೆ, ಸಿಇಟಿಯ ಅರ್ಹತಾ ನಿಯಮ ಬರೆಯುವವರಿಗೆ ಮತ್ತು ಕೊಡಗಿನ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ನನ್ನ ಮಗಳು ಮನೆಯಲ್ಲೇ ಓದಿ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪಾಸಾಗಿದ್ದಾಳೆ. ಮುಂದೆ ಅರಣ್ಯಶಾಸ್ತ್ರ ಓದಬೇಕು ಅನ್ನುತ್ತಾಳೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಸೀಟು ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸಿಗುತ್ತದೆ, ಸರ್ಕಾರಿ ಶುಲ್ಕದಲ್ಲಿ. ನಮ್ಮಂಥ ನಾಲ್ಕು ಎಕರೆ ಕಾಫಿಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ಸಿಇಟಿಯ ಅರ್ಹತಾ ನಿಯಮದಲ್ಲಿ ಒಂದು ಕಲಂ ಇದೆ. ಅದರ ಪ್ರಕಾರ ವಿದ್ಯಾರ್ಥಿ ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಕರ್ನಾಟಕದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ನನ್ನ ಮಗಳು ಶಾಲೆಗೆ ಹೋಗಿದ್ದು ನಾಲ್ಕನೇ ತರಗತಿಯವರೆಗೆ. ಈಗ ಕಾಲೇಜಿಗೆ ಸೇರಿ ಎರಡು ವರ್ಷ ಪಿಯುಸಿ ಓದಿದರೂ ಆರೇ ವರ್ಷ. ಒಂದು ವರ್ಷ ಕಮ್ಮಿ. ನಾಪೋಕ್ಲು ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಅದೇ ಮನೆಯಲ್ಲಿ ಬೆಳೆದು, ಒಂದು ದಿನವೂ ಬೇರೆ ರಾಜ್ಯದಲ್ಲಿ ವಾಸ ಮಾಡದ ಹುಡುಗಿ ಈ ಕಲಂ ಪ್ರಕಾರ ಕರ್ನಾಟಕದ ವಿದ್ಯಾರ್ಥಿನಿ ಅಲ್ಲ.

ಈ ಕಲಂ ಬದಲಾಗಬೇಕು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಮೊದಲು, ನಾವು ಯಾಕೆ ಮಗಳನ್ನು ಮನೆಯಲ್ಲಿ ಓದಿಸಿದೆವು ಅಂತ ಹೇಳಬೇಕು. ಹೊರಗಿನವರಿಗೆ ಇದು ಶ್ರೀಮಂತರ ಶೋಕಿ ಅನ್ನಿಸುತ್ತದೆ. 2018ರ ಆಗಸ್ಟ್ ನಿಮಗೆ ನೆನಪಿರಬಹುದು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಊರುಗಳೇ ಖಾಲಿಯಾದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಹಾಗೇ ಆಯಿತು. ನಮ್ಮ ಕಡೆ ಕಾವೇರಿ ತುಂಬಿದರೆ ಬೊಳಿಬಾಣೆಯಲ್ಲಿ ಮೂರ್ನಾಡಿನ ರಸ್ತೆ ಮೇಲೆ ನೀರು ಬರುತ್ತದೆ. ಬಸ್ಸು ನಿಲ್ಲುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಗೆ ಎಷ್ಟು ದಿನ ರಜೆ, ಎಷ್ಟು ದಿನ ಪಾಠ ಅಂತ ಯಾರಿಗೂ ಹೇಳಲು ಬರುವುದಿಲ್ಲ. ರಜೆ ಇಲ್ಲದ ದಿನವೂ ಕತ್ತಲೆ ಇರುವಾಗಲೇ ಹೊರಡಬೇಕು. ದಾರಿಯಲ್ಲಿ ತೋಟದಿಂದ ತೋಟಕ್ಕೆ ದಾಟುವ ಆನೆಗಳು. ಕಾಫಿ ಕುಯ್ಲಿನ ಕಾಲದಲ್ಲಿ ಮಗುವನ್ನು ಬಸ್ ಸ್ಟಾಪಿಗೆ ಬಿಟ್ಟು ಬರಲು ಮನೆಯಲ್ಲಿ ಆಳಿಲ್ಲ. ಇದನ್ನೆಲ್ಲ ನೋಡಿ ನಾನು ಮತ್ತು ನನ್ನ ಗಂಡ, ಇವಳಿಗೆ ನಾವೇ ಕಲಿಸೋಣ ಅಂತ ನಿರ್ಧರಿಸಿದೆವು. ನಾನು ಪದವಿ ಮುಗಿಸಿದವಳು, ಮದುವೆಗೆ ಮುಂಚೆ ಸ್ವಲ್ಪ ಕಾಲ ಪಾಠ ಹೇಳಿದವಳು. ಧೈರ್ಯ ಇತ್ತು.

ಕಾನೂನಿನ ಮಾತು ಬರುತ್ತದೆ, ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಖಾತ್ರಿ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತಲೂ ಹೇಳಿದೆ. ಆದರೆ ಸೇರಿಸದವರಿಗೆ ಶಿಕ್ಷೆ ಬರೆದಿಲ್ಲ. ಮನೆಯಲ್ಲಿ ಓದಿಸುವವರ ಬಗ್ಗೆ ಒಂದು ಸಾಲೂ ಇಲ್ಲ. ಇನ್ನೊಂದು ಕಡೆ ಕೇಂದ್ರ ಸರ್ಕಾರದ್ದೇ ಆದ ಎನ್‌ಐಒಎಸ್ ನಮ್ಮಂಥ ಮಕ್ಕಳಿಗೆ ಪರೀಕ್ಷೆ ಮಾಡಿ, ಸಿಬಿಎಸ್‌ಇಗೆ ಸಮನಾದ ಅಂಕಪಟ್ಟಿ ಕೊಡುತ್ತದೆ. ಒಂದು ಕೈ ಬಾಗಿಲು ತೆರೆದಿದೆ, ಇನ್ನೊಂದು ಕೈ ಮುಂದಿನ ಬಾಗಿಲಿಗೆ ಚಿಲಕ ಹಾಕಿದೆ.

ಹೈಸ್ಕೂಲು ಹಂತಕ್ಕೆ ಬಂದಾಗ ಯಾವ ಪಠ್ಯಕ್ರಮ ಅಂತ ನಾವು ತುಂಬಾ ತಲೆ ಕೆಡಿಸಿಕೊಂಡೆವು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಈ ಪತ್ರವನ್ನು ನಮ್ಮ ಜಿಲ್ಲೆಯ ಇತರ ತಂದೆ ತಾಯಂದಿರೂ ಓದಬಹುದು. ಅವರಿಗೆ ಇದನ್ನು ಹೇಳುವವರು ಬೇರೆ ಯಾರೂ ಇಲ್ಲ.

ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪಠ್ಯಕ್ರಮವಾದ ಕೇಂಬ್ರಿಜ್‌ನ ಐಜಿಸಿಎಸ್‌ಇಯನ್ನು ನಾವು ಬೇಗ ಬಿಟ್ಟೆವು. ಪಠ್ಯ ಚೆನ್ನಾಗಿದೆ, ಆದರೆ ಒಂದೊಂದು ವಿಷಯದ ಪರೀಕ್ಷೆಗೂ ಸಾವಿರಗಟ್ಟಲೆ ಕೊಡಬೇಕು. ಖಾಸಗಿ ಅಭ್ಯರ್ಥಿಯನ್ನು ಸೇರಿಸಿಕೊಳ್ಳುವ ಶಾಲೆಯನ್ನೂ ದೊಡ್ಡ ಊರಿನಲ್ಲಿ ಹುಡುಕಬೇಕು. ಎರಡನೆಯದು ನಮ್ಮದೇ ರಾಜ್ಯ ಮಂಡಳಿ. 15 ತುಂಬಿದ ಮಗು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು. ಕನ್ನಡದಲ್ಲೇ ಬರೆಯಬಹುದು, ಪುಸ್ತಕಗಳು ಸುಲಭವಾಗಿ ಸಿಗುತ್ತವೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಫೇಲಾದರೂ ವರ್ಷ ಹಾಳಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲೇ ಮುಂದುವರಿಯುವ ಮಕ್ಕಳಿಗೆ ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ. ತೊಂದರೆ ಇರುವುದು ಅದರ ನಂತರ. ಪಿಯುಸಿಯನ್ನು ಖಾಸಗಿಯಾಗಿ ಕಟ್ಟುವುದಾದರೆ ಕಲಾ ಮತ್ತು ವಾಣಿಜ್ಯ ಮಾತ್ರ. ವಿಜ್ಞಾನ ಬೇಕು ಅನ್ನುವ ಮಗು ಕಾಲೇಜಿಗೆ ಸೇರಲೇಬೇಕು.

ಹಾಗಾಗಿ ಎನ್‌ಐಒಎಸ್. 1989ರಲ್ಲಿ ಶುರುವಾದ ಸಂಸ್ಥೆ ಅದು. ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. ಐದು ವಿಷಯ ಸಾಕು, ಅದರಲ್ಲಿ ಒಂದು ಭಾಷೆ ಇರಬೇಕು. ಕನ್ನಡವೂ ಇದೆ. ನಮಗೆ ಇಷ್ಟವಾಗಿದ್ದು ವಿಷಯಗಳ ಆಯ್ಕೆ. ಗಣಿತ, ವಿಜ್ಞಾನದ ಜೊತೆ ಗೃಹವಿಜ್ಞಾನ, ಚಿತ್ರಕಲೆ, ಕರ್ನಾಟಕ ಸಂಗೀತ, ಮನಶ್ಶಾಸ್ತ್ರ ಏನನ್ನಾದರೂ ತೆಗೆದುಕೊಳ್ಳಬಹುದು. ಹನ್ನೆರಡನೇ ತರಗತಿಗೆ ಪರಿಸರ ವಿಜ್ಞಾನ ಕೂಡ ಇದೆ. ಒಂದೇ ಸಲ ಎಲ್ಲ ವಿಷಯ ಬರೆಯಬೇಕೆಂದಿಲ್ಲ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯದ ಅಂಕ ಹಾಗೇ ಉಳಿದಿರುತ್ತದೆ. ಮನೆಯಲ್ಲಿ ಬರೆದು ಕಳಿಸುವ ಅಸೈನ್‌ಮೆಂಟ್‌ಗೆ 20 ಶೇಕಡಾ ತೂಕ ಇದೆ. ಮಕ್ಕಳು ಇದನ್ನು ಸುಮ್ನೆ ಕಾಪಿ ಮಾಡಿ ಕಳಿಸುತ್ತಾರೆ. ಹಾಗೆ ಮಾಡಬೇಡಿ, ನಿಜವಾಗಿ ಕಲಿಯುವುದು ಅದರಲ್ಲೇ.

ಪುಸ್ತಕದ ಖರ್ಚು ಹೆಚ್ಚೇನೂ ಬರಲಿಲ್ಲ. ಎನ್‌ಸಿಇಆರ್‌ಟಿಯ ಎಲ್ಲ ಪುಸ್ತಕಗಳೂ, ನಮ್ಮ ರಾಜ್ಯದ ಪಠ್ಯಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪಾಠಗಳಿಗೆ ಸರ್ಕಾರದ ದೀಕ್ಷಾ ಆ್ಯಪ್ ಇದೆ. ಖಾನ್ ಅಕಾಡೆಮಿಯಲ್ಲಿ ಕನ್ನಡದ ಪಾಠಗಳಿವೆ. ನೆಟ್‌ವರ್ಕ್ ಇರುವ ದಿನ ಡೌನ್‌ಲೋಡ್ ಮಾಡಿಟ್ಟುಕೊಂಡು, ಕರೆಂಟ್ ಹೋದ ವಾರಗಳಲ್ಲಿ ಓದುವುದು ನಮಗೆ ರೂಢಿಯಾಯಿತು. ಇನ್ನುಳಿದದ್ದನ್ನು ತೋಟವೇ ಕಲಿಸಿತು. ಬೀಟೆಗೂ ಹೊನ್ನೆಗೂ ಎಲೆ ನೋಡಿಯೇ ವ್ಯತ್ಯಾಸ ಹೇಳುತ್ತಾಳೆ ನನ್ನ ಮಗಳು. ಕಾಫಿಗೆ ಹಾಲುವಾಣದ ನೆರಳು ಯಾಕೆ ಬೇಕು, ಸಿಲ್ವರ್ ಓಕ್ ಜಾಸ್ತಿಯಾದರೆ ಹಕ್ಕಿಗಳು ಯಾಕೆ ಕಮ್ಮಿಯಾಗುತ್ತವೆ ಅಂತ ಅಪ್ಪನ ಜೊತೆ ವಾದ ಮಾಡುತ್ತಾಳೆ. ನಮ್ಮ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅದರಲ್ಲಿ ನಮ್ಮ ಊರಿನದರ ಮರಗಳ ಪಟ್ಟಿಯನ್ನು ಅವಳೇ ಮಾಡಿದ್ದಾಳೆ.

ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಅಂತ ಸೀಟು ಮೀಸಲಿದೆ, ಅಲ್ವಾ? ಅದಕ್ಕೆ ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆಯನ್ನೂ ಮಾಡುತ್ತೀರಿ. ಮಗುವಿಗೆ ನಿಜವಾಗಿ ಹೊಲ, ತೋಟದ ಪರಿಚಯ ಇದೆಯೇ ಅಂತ ನೋಡುತ್ತೀರಿ. ತುಂಬಾ ಒಳ್ಳೆಯ ಪದ್ಧತಿ. ಅಂಥ ಪರೀಕ್ಷೆಗೆ ನನ್ನ ಮಗಳಿಗಿಂತ ಚೆನ್ನಾಗಿ ತಯಾರಾದವರು ಎಷ್ಟು ಜನ ಸಿಕ್ಕಾರು? ಆದರೆ ಆ ಕೋಣೆಯವರೆಗೆ ಹೋಗಲು ಅವಳಿಗೆ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರು ಸಹಿ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಮಾಡಿದ 7 ವರ್ಷದ ಕಾಗದ.

ಗ್ರಾಮೀಣ ಮೀಸಲಾತಿಯದೂ ಇದೇ ಕಥೆ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ್ದರೆ ಮಾತ್ರ ಅದು ಸಿಗುತ್ತದೆ. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತು ವರ್ಷದ್ದೇ ಲೆಕ್ಕ. ಮನೆಯಿಂದ ಮುಖ್ಯ ರಸ್ತೆಗೆ ಬರಲು ಜೀಪೇ ಬೇಕಾದ ಜಾಗದಲ್ಲಿ ಬೆಳೆದ ಮಗು ನಿಮ್ಮ ದಾಖಲೆಯಲ್ಲಿ ಹಳ್ಳಿಯದಲ್ಲ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ.

ನಿಯಮ ಯಾಕಿದೆ ಅಂತ ನನಗೆ ಅರ್ಥವಾಗುತ್ತದೆ. ಬೇರೆ ರಾಜ್ಯದವರು ಕೊನೆಯ ವರ್ಷ ಇಲ್ಲಿ ಬಂದು ಸೇರಿ, ನಮ್ಮ ಮಕ್ಕಳ ಸೀಟು ತೆಗೆದುಕೊಂಡು ಹೋಗಬಾರದು. ಪಟ್ಟಣದವರು ಹಳ್ಳಿಯವರೆಂದು ಸುಳ್ಳು ಕಾಗದ ತರಬಾರದು. ನಾನೂ ಅದನ್ನೇ ಬಯಸುತ್ತೇನೆ. ಆದರೆ ಶಾಲೆಯ ದಾಖಲೆ ಒಂದೇ ವಾಸಕ್ಕೆ ಸಾಕ್ಷಿಯೇ? ನಮ್ಮ ರೇಷನ್ ಕಾರ್ಡ್ ಇದೆ. ತೋಟದ ಆರ್‌ಟಿಸಿ ಇದೆ. ಗರ್ಭಿಣಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡ್‌ನಿಂದ ಹಿಡಿದು ಮಗುವಿನ ಲಸಿಕೆಯ ದಾಖಲೆಯವರೆಗೆ ಎಲ್ಲ ಇದೇ ಪಂಚಾಯಿತಿಯದ್ದು. ತಹಶೀಲ್ದಾರರು ವಾಸ ದೃಢೀಕರಣ ಪತ್ರ ಕೊಡುತ್ತಾರೆ. ಊರಿನ ಗ್ರಾಮ ಆಡಳಿತಾಧಿಕಾರಿಗೆ ನಮ್ಮ ಮನೆಯ ನಾಯಿಯೂ ಗೊತ್ತು. ಮುಕ್ತ ಶಾಲೆಯಲ್ಲಿ ಹತ್ತನೇ ಅಥವಾ ಹನ್ನೆರಡನೇ ತರಗತಿಯನ್ನು ಕರ್ನಾಟಕದ ಕೇಂದ್ರದಲ್ಲಿ ಬರೆದು ಪಾಸಾದ ಮಗುವಿಗೆ, ಶಾಲೆಯ ವರ್ಷಗಳ ಬದಲು ವಾಸದ ವರ್ಷಗಳನ್ನು ಲೆಕ್ಕ ಹಾಕಿ. ಏಳರ ಬದಲು ಹತ್ತು ವರ್ಷ ಕೇಳಿದರೂ ನಮಗೆ ತಕರಾರಿಲ್ಲ. ಗ್ರಾಮೀಣ ಮೀಸಲಾತಿಗೂ ಹಾಗೇ ಮಾಡಿ.

ಇನ್ನೊಂದು ಕಲಂ ಇದೆ, ಅದನ್ನೂ ಹೇಳಿಬಿಡಬೇಕು. ಮಗು ಎರಡೂ ವರ್ಷದ ಪಿಯುಸಿಯನ್ನು ಕರ್ನಾಟಕದ ಮಾನ್ಯ ಕಾಲೇಜಿನಲ್ಲಿ ಓದಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದರೆ ಅರ್ಹತೆ ಸಿಗುತ್ತದೆ. ನನ್ನ ಮಗಳು ಬಹುಶಃ ಈ ದಾರಿಯಲ್ಲೇ ಹೋಗುತ್ತಾಳೆ. ಅಪ್ಪನ ಹಳೆಯ ಶಾಲೆಗೆ ಹೋಗಿ ದಾಖಲೆ ತೆಗೆಸುತ್ತಿದ್ದೇವೆ. ಹನ್ನೆರಡನೇ ತರಗತಿಯನ್ನೂ ಮನೆಯಲ್ಲಿ ಓದುವ ಆಸೆಯನ್ನು ಅವಳು ಬಿಡಬೇಕಾಗುತ್ತದೆ. ಇರಲಿ, ನಮ್ಮದು ಹೇಗೋ ನಡೆಯುತ್ತದೆ. ಮನೆಯಲ್ಲಿ ಓದಿಸುತ್ತಿರುವ ಬೇರೆಯವರಿಗೂ ನನ್ನ ಸಲಹೆ ಇದೇ: ಎಂಟನೇ ತರಗತಿಯ ಹೊತ್ತಿಗೇ ಮಗುವಿನ ಶಾಲೆಯ ವರ್ಷಗಳನ್ನು ಎಣಿಸಿ ನೋಡಿ. ಐದನೇ ತರಗತಿವರೆಗೆ ಶಾಲೆಗೆ ಹೋಗಿದ್ದರೆ, ಪಿಯುಸಿಯ ಎರಡು ವರ್ಷ ಸೇರಿ ಏಳಾಗುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ನಿಮ್ಮ ಹಳೆಯ ಮಾರ್ಕ್ಸ್ ಕಾರ್ಡ್, ಟಿಸಿಗಳನ್ನು ಈಗಲೇ ಹುಡುಕಿಡಿ.

ಆದರೆ ತಂದೆ ತಾಯಿಯೇ ಶಾಲೆಯ ಮುಖ ನೋಡದ ಮಗುವಿನ ಕಥೆ ಏನು? ಈ ನಿಯಮದಿಂದ ನಿಜವಾಗಿ ಪೆಟ್ಟು ತಿನ್ನುವವರು ಅವರು. ನಮ್ಮ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಯರವ, ಜೇನು ಕುರುಬ ಆದಿವಾಸಿ ಕುಟುಂಬಗಳಿವೆ. ಕೆಲಸ ಹುಡುಕಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವವರಿದ್ದಾರೆ. ಅಂಥ ಮನೆಯ ಮಗು ಮೂರನೇ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟಿರುತ್ತದೆ. ಹದಿನೈದು, ಹದಿನಾರಕ್ಕೆ ಯಾರೋ ಒಬ್ಬರು ಪುಣ್ಯಾತ್ಮರು ಕೈ ಹಿಡಿದು ಮುಕ್ತ ಶಾಲೆಗೆ ಸೇರಿಸಿ ಹತ್ತನೇ ತರಗತಿ ಕಟ್ಟಿಸುತ್ತಾರೆ. ಮಗು ಪಾಸಾಗುತ್ತದೆ. ಮುಂದೆ? ಶಾಲೆಯ ವರ್ಷ ಏಳಾಗುವುದಿಲ್ಲ. ಅಪ್ಪ ಅಮ್ಮನದು ಕೂಡ ಏಳಾಗುವುದಿಲ್ಲ. ಈ ನೆಲದಲ್ಲಿ ಎಲ್ಲರಿಗಿಂತ ಮೊದಲಿನಿಂದ ಇದ್ದವರ ಮಕ್ಕಳು ಸಿಇಟಿ ಸೀಟಿಗೆ ಹೊರಗಿನವರಾಗುತ್ತಾರೆ. ಮನೆಯಲ್ಲಿ ಓದಿಸುವ ಕುಟುಂಬಗಳು ಕಮ್ಮಿ ಇವೆ, ನಮ್ಮ ಮಾತನ್ನು ನೀವು ಪಕ್ಕಕ್ಕಿಡಬಹುದು. ಈ ಮಕ್ಕಳ ಮಾತನ್ನು ದಯವಿಟ್ಟು ಪಕ್ಕಕ್ಕಿಡಬೇಡಿ.

ವಿದ್ಯಾರ್ಥಿವೇತನದ ವಿಷಯ ಚಿಕ್ಕದಾಗಿ. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಶಾಲೆಯಲ್ಲಿರುವ ಪ್ರತಿ ಮಗುವಿಗೂ ಸ್ಯಾಟ್ಸ್, ಅಂದರೆ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯ, ಸಂಖ್ಯೆ ಇದೆ. ಮನೆಯಲ್ಲಿ ಓದುವ ಮಗು ಆ ಪಟ್ಟಿಯಲ್ಲಿ ಇಲ್ಲ. ನಾವು ಒಂದು ಕಚೇರಿಯಲ್ಲಿ ಕೇಳಿದಾಗ, "ನಿಮ್ಮ ಮಗು ಸಿಸ್ಟಮ್‌ನಲ್ಲೇ ಇಲ್ಲವಲ್ಲ ಮೇಡಂ" ಅಂದರು. ಅವರು ಒರಟಾಗಿ ಹೇಳಲಿಲ್ಲ, ಅವರ ಕೈಯಲ್ಲಿ ಏನೂ ಇರಲಿಲ್ಲ. ಹಾಗಾದರೆ ಸಿಸ್ಟಮ್‌ನಲ್ಲಿ ಸೇರಿಸಿ. ವರ್ಷಕ್ಕೊಮ್ಮೆ ಶಿಕ್ಷಣ ಇಲಾಖೆಯ ಸಿಆರ್‌ಪಿಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮನೆಗೆ ಬರಲಿ, ಮಗು ಏನು ಓದುತ್ತಿದೆ ನೋಡಲಿ. ಮನೆಪಾಠದ ಹೆಸರಿನಲ್ಲಿ ಮಗುವನ್ನು ಕೆಲಸಕ್ಕೆ ಹಚ್ಚುವವರೂ ಇರಬಹುದು. ಅದನ್ನು ತಡೆಯಲೂ ಇದು ಬೇಕು. ನಮ್ಮ ಮನೆಗೆ ಯಾರು ಬಂದು ನೋಡಿದರೂ ನಮಗೆ ಸಂತೋಷವೇ.

ಪರೀಕ್ಷಾ ಕೇಂದ್ರ ಕೂಡ ಹತ್ತಿರ ಬೇಕು. ನನ್ನ ಮಗಳಿಗೆ ಕೇಂದ್ರ ಸಿಕ್ಕಿದ್ದು ಮೈಸೂರಿನಲ್ಲಿ. ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್. ಐದು ವಿಷಯದ ಪರೀಕ್ಷೆ ವಾರಗಟ್ಟಲೆ ಹಂಚಿರುತ್ತದೆ, ಹಾಗಾಗಿ ಒಂದೊಂದಕ್ಕೂ ಹೋಗಿ ಬರಬೇಕು, ಇಲ್ಲವೇ ಅಲ್ಲೇ ಉಳಿಯಬೇಕು. ಪರೀಕ್ಷೆಯ ಶುಲ್ಕಕ್ಕಿಂತ ಇದೇ ಖರ್ಚು ಜಾಸ್ತಿ. ಅಕ್ಟೋಬರ್ ಪರೀಕ್ಷೆ ಅಂದರೆ ಕಾವೇರಿ ತುಲಾ ಸಂಕ್ರಮಣ ಅದರ ನಡುವೆಯೇ ಬರುತ್ತದೆ. ಗಾಳಿಬೀಡಿನಲ್ಲಿ ಕೇಂದ್ರ ಸರ್ಕಾರದ ನವೋದಯ ವಿದ್ಯಾಲಯ ಇದೆ. ಅಲ್ಲಿ ನಮ್ಮ ಮಕ್ಕಳಿಗೆ ಬರೆಯಲು ಅವಕಾಶ ಕೊಡಿಸಿ ಅಂತ ರಾಜ್ಯ ಸರ್ಕಾರ ಎನ್‌ಐಒಎಸ್‌ಗೆ ಒಂದು ಪತ್ರ ಬರೆದರೆ ಸಾಕು. ನಮ್ಮ ಸಂಸದರೂ ಕೇಳಬಹುದು.

ಕೊಡಗಿನ ತಂದೆ ತಾಯಂದಿರಿಗೆ ಕಾಲೇಜಿನ ಖರ್ಚಿನ ಬಗ್ಗೆ ಎರಡು ಮಾತು. ಕಾಫಿಗೆ ಈಚೆಗೆ ಒಳ್ಳೆಯ ರೇಟ್ ಬಂದಿದೆ ಅಂತ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿಗೆ ಅಡ್ವಾನ್ಸ್ ಕೊಟ್ಟವರನ್ನು ನೋಡಿದ್ದೇನೆ. ಒಂದು ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ನಾಲ್ಕು ವರ್ಷದ ಫೀಸು ಎಲ್ಲಿಂದ ತರುತ್ತೀರಿ? ನಮ್ಮಲ್ಲೇ ಏನಿದೆ ನೋಡಿ. ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು. ಅದಕ್ಕೆ ನೀಟ್ ಬೇಕು, ಮುಕ್ತ ಶಾಲೆಯ ಮಕ್ಕಳೂ ನೀಟ್ ಬರೆಯಬಹುದು ಅಂತ 2024ರಲ್ಲಿ ಇತ್ಯರ್ಥವಾಗಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು ಮಡಿಕೇರಿಯಲ್ಲಿದೆ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಬಿಎ, ಬಿಎಸ್ಸಿ, ಬಿಕಾಂಗೆ ಸಿಇಟಿಯ ಏಳು ವರ್ಷದ ಲೆಕ್ಕ ಅಡ್ಡ ಬರುವುದಿಲ್ಲ. ಮನೆಯಲ್ಲೇ ಇದ್ದು ಓದುವುದಾದರೆ ಇಗ್ನೋ ಇದೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಗಣಿತ ಇಷ್ಟಪಡುವ ಮಕ್ಕಳಿಗೆ ಐಐಟಿ ಮದ್ರಾಸ್ ನಡೆಸುವ ಡೇಟಾ ಸೈನ್ಸ್ ಬಿಎಸ್ ಇದೆ. ಅದರಲ್ಲಿ ಮನೆಯ ಆದಾಯ ನೋಡಿ ಶುಲ್ಕ ಕಡಿಮೆ ಮಾಡುತ್ತಾರೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಪರೀಕ್ಷೆ, ಅದೂ ನಮ್ಮ ಮಕ್ಕಳಿಗೆ ತೆರೆದಿದೆ.

ಈ ಮಾತು ಬಂದಾಗ ಸರ್ಕಾರಕ್ಕೂ ಒಂದು ಕೇಳಿಕೆ. ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯ 2023ರಲ್ಲಿ ಶುರುವಾಯಿತು. 2025ರ ಆರಂಭದಲ್ಲೇ ಅದನ್ನೂ ಸೇರಿಸಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಿತು. ದುಡ್ಡಿಲ್ಲ ಅನ್ನುವುದು ಕಾರಣ. ಗುಡ್ಡಗಾಡು ಜಿಲ್ಲೆಯ ಬಡ ಮನೆಯ ಹುಡುಗಿ ಎಂಎ ಓದಲು ಮಂಗಳೂರಿಗೋ ಮೈಸೂರಿಗೋ ಹೋಗಿ ಹಾಸ್ಟೆಲ್‌ನಲ್ಲಿ ಇರಬೇಕು ಅಂದರೆ, ಎಷ್ಟೋ ಮನೆಗಳಲ್ಲಿ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಅದನ್ನು ಮುಚ್ಚಬೇಡಿ, ಅದಕ್ಕೆ ಅಧ್ಯಾಪಕರನ್ನು ಕೊಡಿ.

ಸಿಇಟಿಯ ಅರ್ಜಿ ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ಕರೆಯುತ್ತೀರಿ. ಅದಕ್ಕೆ ಮುಂಚೆ ಮಾಹಿತಿ ಪುಸ್ತಕ ಹೊಸದಾಗಿ ಬರುತ್ತದೆ. ಮುಂದಿನ ಪುಸ್ತಕದಲ್ಲಿ ಮುಕ್ತ ಶಾಲೆಯ ಮಕ್ಕಳಿಗೆ ವಾಸದ ಆಧಾರದ ಮೇಲೆ ಅರ್ಹತೆ ಕೊಡುವ ಒಂದು ಕಲಂ ಸೇರಿಸಿ. ಅದರ ಕನ್ನಡ ಪ್ರತಿಯನ್ನು ಕೊಡಗಿನ ಐದೂ ತಾಲ್ಲೂಕುಗಳ ಸರ್ಕಾರಿ ಕಚೇರಿಗಳಲ್ಲಿ ಗೋಡೆಗೆ ಅಂಟಿಸಿ. ಕರಡು ಮಾಡುವಾಗ ನಮ್ಮಂಥ ತಾಯಂದಿರನ್ನು, ಮುಕ್ತ ಶಾಲೆಯಲ್ಲಿ ಓದಿದ ಮಕ್ಕಳನ್ನು ಕರೆದು ಕೇಳುವುದಾದರೆ, ನಾವು ಮಡಿಕೇರಿಗೂ ಬರುತ್ತೇವೆ, ಬೆಂಗಳೂರಿಗೂ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮನೆಯಲ್ಲಿ ಮಗಳನ್ನು ಓದಿಸಿದ ಒಬ್ಬ ತಾಯಿ
ನಾಪೋಕ್ಲು, ಕೊಡಗು